ಪ್ರವಾಸದ ಪುಟ: ಕಂದರಗಳ ನಾಡಿನಲ್ಲಿ ಐದು ದಿನ

ಈ ಪುಟದಲ್ಲಿ ಇದುವರೆಗೆ ತೀರ್ಥಕ್ಷೇತ್ರಗಳನ್ನೂ ಗಿರಿಶಿಖರಗಳನ್ನೂ ಕುರಿತು ಬರೆದದ್ದೇ ಹೆಚ್ಚು. ಆದರೆ ಪರದೇಶದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿಬರುವ ತಂದೆತಾಯಿಗಳು ಈಗ ನಮ್ಮ ವಾಚಕರಲ್ಲಿಯೂ ಬಹುಮಂದಿ ಇರುವರು. ಆದುದರಿಂದ ಅಮೆರಿಕದ ಪಶ್ಚಿಮಭಾಗದ ಮರುಭೂಮಿಯಲ್ಲಿರುವ ಕಂದರಗಳನ್ನೂ ಅವುಗಳ ಸಮೀಪದ ಲಾಸ್ ವೇಗಸ್ ನಗರವನ್ನೂ ನೋಡಿಬರುವ ಬಗೆಯನ್ನು ಈ ತಿಂಗಳು ತಿಳಿಸಬೇಕೆಂದಿದ್ದೇನೆ. ಇದರಲ್ಲಿ ನಾನು ಮಾಡಿದ ಒಂದು ತಪ್ಪಿನ ಕಥೆಯೂ ಸೇರಿದೆ. ಅದನ್ನು ಮುಚ್ಚಿಟ್ಟು ಬರೆಯಬಹುದಾಗಿತ್ತು. ಆದರೆ ಹಾಗೆ ಮಾಡಿದರೆ ಈ ಲೇಖನದಿಂದ ಆಗಬೇಕಾದ ಪ್ರಯೋಜನದಲ್ಲಿ ಮುಕ್ಕಾಲು ಪಾಲು ಹೋಗಿಬಿಡುವುದು.

ಕೆಲವು ವರ್ಷಗಳ ಹಿಂದೆ ನಾನೂ ನನ್ನ ಪತ್ನಿಯೂ ಕ್ಯಾಲಿಫೋರ್ನಿಯಾದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಅವನಿಗೆ ರಜೆ ದೊರೆಯಲಿಲ್ಲ. "ಅಪ್ಪಾ, ಮಾರ್ಗದರ್ಶಕರೊಡನೆ ಹೋಗುವ ಬಸ್ಸಿನ ಪ್ರವಾಸಕ್ಕೆ ನಿಮ್ಮಿಬ್ಬರನ್ನೂ ಸೇರಿಸಿಬಿಡುತ್ತೇನೆ; ಊಟ ವಸತಿಗಳ ಯೋಚನೆ ಇರುವುದಿಲ್ಲ" ಎಂದು ಹೇಳಿ ಜೂನ್ ತಿಂಗಳಲ್ಲಿ ಐದು ದಿನಗಳ ಏರ್ಪಾಡು ಮಾಡಿದನು. ಬಸ್ಸಿನಲ್ಲಿ ಇಪ್ಪತ್ತೆರಡು ಮಂದಿ ಪ್ರಯಾಣಿಕರು. ಮಾರ್ಗದರ್ಶಕನು ಸುಮಾರು ನಲವತ್ತು ವಯಸ್ಸಿನ, ಮಿತಭಾಷಿಯಾದ ಮನುಷ್ಯ. ಹೊರಡುವುದಕ್ಕೆ ಮೊದಲೇ ಅವನು ಎಲ್ಲರಿಗೂ ಎರಡು ಮಾತು ಹೇಳಿದನು: ಹೇಳಿದ ಹೊತ್ತಿಗೆ ಹಿಂದಿರುಗಬೇಕು; ಬಾಯಾರುವುದಕ್ಕೆ ಮುಂಚೆಯೇ ನೀರು ಕುಡಿಯಬೇಕು. ನಮ್ಮ ಪಕ್ಕದ ಪೀಠದಲ್ಲಿ ಎಂಬತ್ತು ವರ್ಷದ ವೃದ್ಧರೊಬ್ಬರು ಕೈಯಲ್ಲಿ ಊರುಗೋಲು ಹಿಡಿದು ಒಂಟಿಯಾಗಿ ಕುಳಿತಿದ್ದರು. ಅವರ ಮಾತನ್ನು ಮುಂದೆ ಹೇಳುತ್ತೇನೆ.

ಮೊದಲನೆಯ ದಿನ ಲಾಸ್ ವೇಗಸ್ಸಿನಿಂದ ಸುಮಾರು 160 ಮೈಲಿ ಈಶಾನ್ಯಕ್ಕಿರುವ ಜಾಯನ್ ಕಂದರಕ್ಕೆ ಹೋದೆವು. ಇದು ಯೂಟಾ ಪ್ರಾಂತಕ್ಕೆ ಸೇರಿದ್ದು. 1919ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇಲ್ಲಿ ಪ್ರವಾಸಿಯು ಕೆಳಗೆ ನಿಂತು ಮೇಲಕ್ಕೆ ನೋಡಬೇಕು. ವರ್ಜಿನ್ ಎಂಬ ಸಣ್ಣ ಹೊಳೆ ಕೆಂಪು ಬಿಳುಪು ಮರಳುಗಲ್ಲನ್ನು ಕೊರೆಯುತ್ತ ಬಂದು ಎರಡು ಸಾವಿರ ಅಡಿಗಳಷ್ಟು ಎತ್ತರದ ಗೋಡೆಗಳನ್ನು ಎರಡು ಕಡೆಗೂ ನಿಲ್ಲಿಸಿದೆ. ಆ ಕಲ್ಲೆಲ್ಲವೂ ಹಿಂದೊಂದು ಕಾಲದಲ್ಲಿ ಗಾಳಿ ತಂದು ರಾಶಿಹಾಕಿದ ಮರಳುದಿಣ್ಣೆಗಳೇ. ದಿಣ್ಣೆಯ ಇಳಿಜಾರುಗಳು ಕಲ್ಲಾದ ಮೇಲೂ ಗೆರೆಗೆರೆಯಾಗಿ ಉಳಿದಿರುವುದನ್ನು ಮಕ್ಕಳಿಗೂ ತೋರಿಸಬಹುದು. ಕಂದರದೊಳಗೆ ವಾಹನಗಳ ಗದ್ದಲ ವಿಪರೀತವಾದುದರಿಂದ 2000ದಲ್ಲಿ ಉದ್ಯಾನದ ಬಸ್ಸುಗಳನ್ನು ಏರ್ಪಡಿಸಿದರು. ವರ್ಷದ ಬಹುಭಾಗ ಒಳಗಿನ ರಸ್ತೆಯಲ್ಲಿ ಅವುಗಳಲ್ಲೇ ಹೋಗಬೇಕು.

ಇಲ್ಲಿ ಗಡಿಯಾರದ ಒಂದು ತೊಡಕನ್ನು ಹೇಳಿಬಿಡಬೇಕು. ಬೇಸಗೆಯಲ್ಲಿ ಯೂಟಾದ ಗಡಿಯಾರವು ನೆವಾಡ ಮತ್ತು ಅರಿಜೋನ ಪ್ರಾಂತಗಳ ಗಡಿಯಾರಕ್ಕಿಂತ ಒಂದು ಗಂಟೆ ಮುಂದಿರುವುದು. ಅರಿಜೋನದವರು ಬೇಸಗೆಯಲ್ಲಿ ಗಡಿಯಾರವನ್ನು ಮುಂದೂಡುವುದಿಲ್ಲ. ಆದರೆ ಅದೇ ಪ್ರಾಂತದ ಒಳಗಿರುವ ನವಾಹೋ ಜನರ ಸೀಮೆಯಲ್ಲಿ ಮುಂದೂಡುವರು. ಕೈಗಡಿಯಾರವನ್ನೇ ನೆಚ್ಚಿಕೊಂಡವನು ದಿನಕ್ಕೆರಡು ಸಲ ಮೋಸಹೋಗುವನು. "ಯಾವ ಊರಿನ ಹೊತ್ತು?" ಎಂದು ಮಾರ್ಗದರ್ಶಕನನ್ನು ಕೇಳಿಕೊಳ್ಳುವುದೇ ಲೇಸು.

ಎರಡನೆಯ ದಿನ ನೋಡಿದ್ದು ಬ್ರೈಸ್. 1928ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಸ್ಥಳವು ಸಮುದ್ರಮಟ್ಟಕ್ಕಿಂತ ಎಂಟು ಸಾವಿರ ಅಡಿಗೂ ಮೇಲಿದೆ. ಜೂನ್ ತಿಂಗಳಲ್ಲಿಯೂ ಬೆಳಗ್ಗೆ ಶಾಲು ಬೇಕಾಯಿತು. ಕೇಸರಿ ಬಣ್ಣದ ಕಲ್ಲಿನ ಕಂಬಗಳು ಸಾವಿರಾರು ಸಂಖ್ಯೆಯಲ್ಲಿ, ಜಾತ್ರೆಗೆ ನೆರೆದ ಜನದಂತೆ, ಒಂದರ ಪಕ್ಕಕ್ಕೊಂದು ನಿಂತಿವೆ. ಇವುಗಳನ್ನು ಕಡೆದ ಶಿಲ್ಪಿ ಹಿಮವೇ. ಬಿರುಕಿನಲ್ಲಿ ಸೇರಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುವುದು, ಹಗಲು ಕರಗುವುದು. ವರ್ಷದಲ್ಲಿ ಅರ್ಧದಷ್ಟು ದಿನಗಳಲ್ಲಿ ಈ ಕೆಲಸ ನಡೆಯುವುದರಿಂದ ಕಲ್ಲು ಸೀಳುತ್ತಲೇ ಇರುವುದು. ಆ ಪ್ರದೇಶದ ಮೂಲನಿವಾಸಿಗಳಾದ ಪಾಯ್ಯೂಟ್ ಜನರು ಇವರೆಲ್ಲ ದುರ್ನಡತೆಯ ದೆಸೆಯಿಂದ ಶಾಪಗೊಂಡು ಕಲ್ಲಾದವರೆಂದು ಹೇಳುವರಂತೆ. ಅದನ್ನು ಕೇಳಿ ನನ್ನ ಪತ್ನಿ, "ಅಹಲ್ಯೆಯೊಬ್ಬಳೇ ಅಲ್ಲ, ಊರಿಗೆ ಊರೇ ಕಲ್ಲಾಗಿದೆ, ಪಾಪ" ಎಂದಳು.

ಇಲ್ಲೊಂದು ಸೋಜಿಗವಿದೆ. ಬ್ರೈಸಿನಲ್ಲಿ ತಳದಲ್ಲಿರುವ ಶಿಲಾಪದರವು ಜಾಯನ್ನಿನಲ್ಲಿ ನೆತ್ತಿಯ ಮೇಲಿದೆ. ಜಾಯನ್ನಿನ ತಳದಲ್ಲಿರುವುದು ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಂದರದ ನೆತ್ತಿಯ ಮೇಲಿದೆ. ಮೂರು ಸ್ಥಳಗಳೂ ಒಂದೇ ಗ್ರಂಥದ ಮೂರು ಸಂಪುಟಗಳಿದ್ದಂತೆ. ಮೂರನ್ನೂ ಒಂದೇ ಪ್ರವಾಸದಲ್ಲಿ ನೋಡುವುದರ ಲಾಭ ಇದೇ.

ಮೂರನೆಯ ದಿನ ಅರಿಜೋನದ ಪೇಜ್ ಎಂಬ ಊರಿನ ಹತ್ತಿರ ಆ್ಯಂಟೆಲೋಪ್ ಕಂದರವನ್ನು ಹೊಕ್ಕೆವು. ಇದು ನವಾಹೋ ಜನರ ಭೂಮಿ. ಅವರ ಅನುಮತಿ ಪಡೆದ ಮಾರ್ಗದರ್ಶಕರಿಲ್ಲದೆ ಯಾರೂ ಒಳಗೆ ಹೋಗತಕ್ಕದ್ದಲ್ಲ. ಮೇಲಿನಿಂದ ನೋಡಿದರೆ ನೆಲದಲ್ಲಿ ಒಂದು ಬಿರುಕು, ಅಷ್ಟೆ. ಒಳಗಿಳಿದರೆ ರೇಷ್ಮೆಯ ಮಡಿಕೆಗಳಂತೆ ಸುತ್ತಿಕೊಂಡ ಕಲ್ಲು. ಮೇಲಿನಿಂದ ಬಿದ್ದ ಬಿಸಿಲು ಗೋಡೆಯಿಂದ ಗೋಡೆಗೆ ಪುಟಿದು ಅರಿಸಿನ, ಕುಂಕುಮ, ನೇರಳೆ ಬಣ್ಣಗಳನ್ನು ತಾಳುವುದು. ಇಷ್ಟು ಸುಂದರವಾದ ಸ್ಥಳವೇ 1997ನೆಯ ಆಗಸ್ಟ್ 12ರಂದು ಹನ್ನೊಂದು ಮಂದಿ ಪ್ರವಾಸಿಗಳಿಗೆ ಮೃತ್ಯುಸ್ಥಾನವಾಯಿತು. ಮಳೆ ಬಿದ್ದದ್ದು ಹಲವು ಮೈಲಿಗಳಾಚೆ. ನೀರು ಗೋಡೆಯಂತೆ ಇಲ್ಲಿಗೆ ನುಗ್ಗಿತು. ಜುಲೈಯಿಂದ ಸೆಪ್ಟೆಂಬರಿನವರೆಗೆ ಇಂಥ ಪ್ರವಾಹಗಳ ಭಯ ಹೆಚ್ಚು. ಆದುದರಿಂದ ಆಕಾಶ ತಿಳಿಯಾಗಿ ಕಂಡರೂ ಅಲ್ಲಿಯವರು "ಇಂದು ಪ್ರವೇಶವಿಲ್ಲ" ಎಂದರೆ ಕೊಟ್ಟ ಹಣವನ್ನು ನೆನೆದು ವಾದಿಸಕೂಡದು.

ಆ ದಿನ ಸಂಜೆ ಮಹಾಕಂದರದ ಪೂರ್ವದ್ವಾರವನ್ನು ಸೇರಿ, ಮೇರಿ ಕೋಲ್ಟರ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ 1932ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ಗೋಪುರದ ಬಳಿ ನಿಂತು ಸೂರ್ಯಾಸ್ತವನ್ನು ನೋಡಿದೆವು. ಅಂಕಿಗಳನ್ನು ಹೇಳುವುದು ಸುಲಭ: ಉದ್ದ 277 ಮೈಲಿ, ಅಗಲ ಕೆಲವೆಡೆ 18 ಮೈಲಿ, ಆಳ ಒಂದು ಮೈಲಿಗೂ ಹೆಚ್ಚು. ತಳದಲ್ಲಿ ಕೊಲರಾಡೊ ನದಿ ಜನಿವಾರದ ಎಳೆಯಂತೆ ಕಾಣುವುದು. ಅಂಚಿನ ಸುಣ್ಣಕಲ್ಲಿಗೆ ಸುಮಾರು 27 ಕೋಟಿ ವರ್ಷ ವಯಸ್ಸು. ತಳದ ಕಪ್ಪು ಶಿಲೆಗೆ 170 ಕೋಟಿ ವರ್ಷಗಳಿಗೂ ಹೆಚ್ಚು. ಆ ತಳದ ಶಿಲೆಗೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರು 'ವಿಷ್ಣು' ಎಂದರೆ ವಾಚಕರು ಬೆರಗಾಗಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರದೇಶವನ್ನು ಅಳೆದ ಕ್ಲಾರೆನ್ಸ್ ಡಟ್ಟನ್ ಎಂಬ ವಿದ್ವಾಂಸನಿಗೆ ಕಂದರದೊಳಗಿನ ಶಿಖರಗಳು ಪೂರ್ವದೇಶದ ದೇವಾಲಯಗಳಂತೆ ತೋರಿ, ವಿಷ್ಣು ದೇವಾಲಯ, ಶಿವ ದೇವಾಲಯ ಎಂದು ಹೆಸರಿಟ್ಟನು. ಬ್ರಹ್ಮ, ರಾಮ, ಕೃಷ್ಣ, ಬುದ್ಧ ಎಂಬ ಹೆಸರುಗಳೂ ಆ ದೇಶದ ಭೂಪಟದಲ್ಲಿ ಇಂದಿಗೂ ಇವೆ. ನನ್ನ ಪತ್ನಿ ವಿಷ್ಣುಶಿಖರ ಯಾವುದೆಂದು ಕೇಳಿ ತಿಳಿದುಕೊಂಡು, ಸುತ್ತಲಿನವರ ಕಡೆ ನೋಡದೆ ಕೈಮುಗಿದಳು.

ಇನ್ನು ನನ್ನ ತಪ್ಪಿನ ಕಥೆ.

ನಾಲ್ಕನೆಯ ದಿನ ಬೆಳಗ್ಗೆ ಎಂಟೂವರೆಗೆ ಮಾರ್ಗದರ್ಶಕನು ನಮ್ಮನ್ನು ದಕ್ಷಿಣದ ಅಂಚಿನಲ್ಲಿ ಇಳಿಸಿ, "ಹನ್ನೆರಡೂವರೆಗೆ ಎಲ್ಲರೂ ಇಲ್ಲಿರಬೇಕು. ಬ್ರೈಟ್ ಏಂಜಲ್ ಎಂಬ ಕಾಲುದಾರಿಯಲ್ಲಿ ಇಳಿಯಬೇಕೆನ್ನುವವರು ಒಂದೂವರೆ ಮೈಲಿಯ ತಂಗುಮನೆಯನ್ನು ದಾಟಬೇಡಿ. ಇಳಿದದ್ದಕ್ಕೆ ಎರಡರಷ್ಟು ಹೊತ್ತು ಹತ್ತುವುದಕ್ಕೆ ಬೇಕು" ಎಂದನು. ಮಧ್ಯಾಹ್ನ ಅಲ್ಲಿಂದ ಹೊರಟು, ದಾರಿಯಲ್ಲಿ ಹೂವರ್ ಅಣೆಕಟ್ಟನ್ನು ನೋಡಿ, ರಾತ್ರಿಗೆ ಲಾಸ್ ವೇಗಸ್ ಸೇರುವುದು ಗೊತ್ತಾಗಿತ್ತು.

ನನಗೆ ಆಗ ಅರುವತ್ತನಾಲ್ಕು. ಮೈಸೂರಿನವನಾದ ನಾನು ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲನ್ನು ಎಷ್ಟೋ ಸಲ ಹತ್ತಿದವನೆಂಬ ಗರ್ವ ಒಂದಿತ್ತು. ಮನೆಯಾಕೆಗೆ ಮಂಡಿನೋವು, ಅಂಚಿನಲ್ಲೇ ಬೆಂಚಿನ ಮೇಲೆ ಕುಳಿತಳು. ಕೈಚೀಲದಿಂದ ಕೋಡುಬಳೆಯ ಪೊಟ್ಟಣ ತೆಗೆದು, "ಇದನ್ನಾದರೂ ಇಟ್ಟುಕೊಳ್ಳಿ. ಬೇಗ ಬಂದುಬಿಡಿ" ಎಂದಳು. "ಸುಮ್ಮನೆ ಭಾರವೇಕೆ?" ಎಂದು ಹೇಳಿ, ಅರ್ಧ ಸೇರು ನೀರಿನ ಸೀಸೆಯೊಂದನ್ನೇ ಹಿಡಿದು ಹೊರಟೆ.

ಇಳಿಯುವುದು ಎಷ್ಟು ಸುಖವಾಗಿತ್ತೆಂದರೆ, ಐವತ್ತು ನಿಮಿಷದಲ್ಲಿ ಒಂದೂವರೆ ಮೈಲಿಯ ತಂಗುಮನೆ ಬಂದಿತು. ತಂಪುಗಾಳಿ, ಸುತ್ತಿಬಳಸುವ ದಾರಿ, ತಿರುವು ತಿರುವಿಗೂ ಹೊಸ ನೋಟ. ಕೊಳಾಯಿಯಲ್ಲಿ ನೀರು ಕುಡಿದು ಹಿಂದಿರುಗಬೇಕಾಗಿತ್ತು. "ಇನ್ನು ಸ್ವಲ್ಪ" ಎಂದುಕೊಂಡೆ. ಆ ತಿರುವಿನ ಆಚೆ ಏನಿದೆಯೋ ನೋಡೋಣ, ಇನ್ನು ಸ್ವಲ್ಪ. ಹೀಗೆ ಹತ್ತೂಕಾಲಕ್ಕೆ ಮೂರು ಮೈಲಿಯ ತಂಗುಮನೆಯಲ್ಲಿದ್ದೆ. ಅಂಚಿನಿಂದ ಎರಡು ಸಾವಿರ ಅಡಿಗೂ ಹೆಚ್ಚು ಕೆಳಗೆ.

ಚಾಮುಂಡಿಬೆಟ್ಟಕ್ಕೂ ಈ ಕಂದರಕ್ಕೂ ಇರುವ ಭೇದ ನನಗೆ ತಿಳಿದದ್ದು ಆಗ. ಬೆಟ್ಟವು ಮೊದಲೇ ನಮ್ಮ ಶಕ್ತಿಯನ್ನು ಪರೀಕ್ಷಿಸುವುದು; ಆಗದವನು ಅರ್ಧದಲ್ಲೇ ಕುಳಿತು, ದೇವಿಗೆ ಅಲ್ಲಿಂದಲೇ ನಮಸ್ಕರಿಸಿ, ಸುಲಭವಾಗಿ ಇಳಿದು ಮನೆಗೆ ಹೋಗುವನು. ಕಂದರವಾದರೋ ಸುಲಭವಾದುದನ್ನು ಮೊದಲು ಕೊಟ್ಟು, ಕಷ್ಟವಾದುದನ್ನು ದಣಿದ ಕಾಲಿಗೆಂದು ಕಾದಿರಿಸುವುದು. ಅದೂ ಅಲ್ಲದೆ ಇಲ್ಲಿ ಕೆಳಗಿಳಿದಷ್ಟೂ ಸೆಕೆ ಹೆಚ್ಚು. ಅಂಚಿನಲ್ಲಿ ಹಿತವಾಗಿರುವ ದಿನವೇ ತಳದಲ್ಲಿ 40 ಡಿಗ್ರಿ ದಾಟಿರುವುದುಂಟು.

ಹತ್ತಲಾರಂಭಿಸಿದೆ. ಹನ್ನೊಂದರ ಬಿಸಿಲು ಕಲ್ಲುಗೋಡೆಯಿಂದ ಪ್ರತಿಫಲಿಸಿ ಮುಖಕ್ಕೆ ಹೊಡೆಯುತ್ತಿತ್ತು. ಬರಿಯ ನೀರನ್ನೇ ಮೇಲಿಂದ ಮೇಲೆ ಕುಡಿದೆ, ತಿನ್ನುವುದಕ್ಕೇನೂ ಇರಲಿಲ್ಲ. ಒಂದೂವರೆ ಮೈಲಿಯ ತಂಗುಮನೆಯನ್ನು ಸೇರುವ ಮೊದಲೇ ಮೀನಖಂಡಗಳು ಸೆಟೆದುಕೊಂಡವು; ಹೊಟ್ಟೆ ತೊಳಸಿತು; ತಲೆ ತಿರುಗಿ ದಾರಿಯ ಪಕ್ಕದ ನೆರಳಿನಲ್ಲಿ ಕುಳಿತುಬಿಟ್ಟೆ. ಆ ನೆರಳಿನಲ್ಲಿ ಕಣ್ಣಮುಂದೆ ಬಂದದ್ದು ಮಹಾಕಂದರವಲ್ಲ. ಬೆಂಚಿನ ಮೇಲೆ ಒಂಟಿಯಾಗಿ ಕುಳಿತಿರುವ, ಆ ದೇಶದ ಭಾಷೆಯನ್ನು ತಡವರಿಸಿ ಆಡುವ ನನ್ನ ಪತ್ನಿ. ನನಗೇನಾದರೂ ಆದರೆ ಅವಳು ಯಾರನ್ನು ಕೇಳುವಳು?

ಕೆಳಗಿನಿಂದ ಬರುತ್ತಿದ್ದ ಯುವ ದಂಪತಿಗಳು ನನ್ನನ್ನು ನೋಡಿ ನಿಂತರು. ಆ ಹೆಣ್ಣುಮಗಳು ಉಪ್ಪು ಹಾಕಿದ ಬಿಸ್ಕತ್ತುಗಳನ್ನು ಕೊಟ್ಟು ನಿಧಾನವಾಗಿ ತಿನ್ನಹೇಳಿದಳು. ಗಂಡನು ತನ್ನ ನೀರಿನಿಂದ ನನ್ನ ಅಂಗಿಯನ್ನೂ ಟೋಪಿಯನ್ನೂ ನೆನೆಸಿದನು. ಅರ್ಧ ಗಂಟೆಯ ಮೇಲೆ ಕಾಲು ನನ್ನ ಮಾತು ಕೇಳಿತು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ, ಅವರ ಹಿಂದೆ ನಡೆದು ಅಂಚನ್ನು ಸೇರಿದಾಗ ಎರಡು ಗಂಟೆ.

ಬಸ್ಸು ಒಂದೂವರೆ ಗಂಟೆಯಿಂದ ಕಾದಿತ್ತು. ಮಾರ್ಗದರ್ಶಕನು ಉದ್ಯಾನದ ರಕ್ಷಕರಿಗೆ ಸುದ್ದಿ ಕೊಟ್ಟಿದ್ದನು. ಪತ್ನಿ ಬೆಂಚಿನ ಮೇಲಿರಲಿಲ್ಲ. ಕಾಲುದಾರಿ ಆರಂಭವಾಗುವ ಕಡೆ, ಬಿಸಿಲಿನಲ್ಲಿ, ಮಂಡಿನೋವನ್ನು ಮರೆತು ನಿಂತಿದ್ದಳು. ಕೈಯಲ್ಲಿ ಅದೇ ಕೋಡುಬಳೆಯ ಪೊಟ್ಟಣ. ಗದರಿಸಲಿಲ್ಲ. "ಇಳಿಯುವಾಗ ಹತ್ತುವುದನ್ನೂ ಎಣಿಸಿಕೊಳ್ಳಲಿಲ್ಲವೆ ನೀವು?" ಎಂದಿಷ್ಟೇ ಕೇಳಿದಳು.

ಬಸ್ಸಿನಲ್ಲಿ ಎಲ್ಲರ ಕ್ಷಮೆ ಬೇಡಿದೆ. ಮಾರ್ಗದರ್ಶಕನು, "ಈಗ ಹೊರಟರೆ ಅಣೆಕಟ್ಟನ್ನು ತಲಪುವಾಗ ಹೊತ್ತು ಮೀರುವುದು, ಅದನ್ನು ಬಿಟ್ಟುಬಿಡಬೇಕು" ಎಂದನು. ಯಾರೂ ಏನೂ ಅನ್ನಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಪಕ್ಕದ ಪೀಠದ ವೃದ್ಧರು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತಿದ್ದುದನ್ನು ನನ್ನ ಪತ್ನಿ ಕಂಡು ಮಾತನಾಡಿಸಿದಳು. ಅವರ ತಂದೆ 1933ರಲ್ಲಿ ಆ ಅಣೆಕಟ್ಟಿನಲ್ಲಿ ಕೂಲಿಯಾಗಿದ್ದವರಂತೆ. ಸುರಿದ ಕಾಂಕ್ರೀಟನ್ನು ಬೂಟುಗಾಲಿನಿಂದ ತುಳಿದು ಸಮಮಾಡುವ ಕೆಲಸ. ಕಂದರಗಳನ್ನು ಅವರು ಹಿಂದೆಯೇ ನೋಡಿದ್ದರು. ಈ ಪ್ರವಾಸಕ್ಕೆ ಸೇರಿದ್ದು ಅಣೆಕಟ್ಟೊಂದಕ್ಕಾಗಿ.

ಆ ರಾತ್ರಿ ಲಾಸ್ ವೇಗಸ್ ಸೇರಿದೆವು. ಸ್ಪ್ಯಾನಿಷ್ ಭಾಷೆಯಲ್ಲಿ ಈ ಹೆಸರಿಗೆ ಹುಲ್ಲುಗಾವಲುಗಳು ಎಂದರ್ಥ. ಇಂದು ಅಲ್ಲಿರುವುದು ಹಗಲೋ ಇರುಳೋ ತಿಳಿಯದಂತೆ ಬೆಳಗುವ ದೀಪಗಳು. 1905ರಲ್ಲಿ ಹುಟ್ಟಿದ ಈ ಊರಿಗೆ 1931 ದೊಡ್ಡ ವರ್ಷ: ಆ ವರ್ಷವೇ ನೆವಾಡ ಪ್ರಾಂತವು ಜೂಜಿಗೆ ಕಾನೂನಿನ ಅನುಮತಿ ಕೊಟ್ಟಿತು, ಆ ವರ್ಷವೇ ಅಣೆಕಟ್ಟಿನ ಕೆಲಸವೂ ಮೊದಲಾಯಿತು. ವಸತಿಗೃಹದಲ್ಲಿ ನಮ್ಮ ಕೊಠಡಿಗೆ ಹೋಗಬೇಕಾದರೆ ಜೂಜಿನ ಅಂಗಳವನ್ನು ದಾಟಿಯೇ ಹೋಗಬೇಕು. ಅಲ್ಲಿ ತಿರುಗುವ ಚಕ್ರವೊಂದರ ಮುಂದೆ ಐದು ನಿಮಿಷ ನಿಂತು ಲೆಕ್ಕ ಹಾಕಿದೆ. ಚಕ್ರದಲ್ಲಿ 38 ಮನೆಗಳು. ಒಂದು ಮನೆಗೆ ಹಣ ಕಟ್ಟಿ ಗೆದ್ದರೆ ಕೊಡುವುದು 35ರಷ್ಟು. ಎಂದರೆ ಕಟ್ಟಿದ ಪ್ರತಿ ನೂರು ಡಾಲರಿಗೆ ಸರಾಸರಿ ಐದು ಡಾಲರಿಗೂ ಹೆಚ್ಚು ಯಜಮಾನನ ಪೆಟ್ಟಿಗೆಗೆ ನಿಶ್ಚಯ. ಇದರಲ್ಲಿ ಮೋಸವಿಲ್ಲ, ಗುಟ್ಟಿಲ್ಲ. ಲೆಕ್ಕ ಎಲ್ಲರಿಗೂ ತೆರೆದಿದೆ. ಆದರೂ ಮೇಜಿನ ಸುತ್ತ ಕುಳಿತವರ ಮುಖದಲ್ಲಿ ನಾನು ಓದಿದ್ದು "ಇನ್ನು ಸ್ವಲ್ಪ" ಎಂಬ ಮಾತನ್ನೇ. ಧರ್ಮರಾಯನಿಗೂ ಅದೇ ಆದದ್ದು. ಬೆಳಗ್ಗೆ ನಾನು ಆಡಿದ್ದೂ ಅದೇ ಆಟ. ನಾನು ಪಣಕ್ಕಿಟ್ಟದ್ದು ಹಣವನ್ನಲ್ಲ, ಅಷ್ಟೇ ವ್ಯತ್ಯಾಸ.

ಐದನೆಯ ದಿನ ಪ್ರವಾಸಿಗಳಿಗೆ ಬಿಡುವು. ಮನೆಯಾಕೆಯೇ ಮೊದಲು ಹೇಳಿದಳು: "ಆ ಅಜ್ಜನವರನ್ನು ನಾವೇ ಕರೆದುಕೊಂಡು ಹೋಗೋಣ." ನಾನೂ ಅದನ್ನೇ ರಾತ್ರಿಯೆಲ್ಲ ಯೋಚಿಸಿದ್ದೆ. ಬಾಡಿಗೆಯ ಕಾರೊಂದನ್ನು ಗೊತ್ತುಮಾಡಿದೆವು. ಮೊದಲು ಅವರು ಒಪ್ಪಲಿಲ್ಲ. "ನೀವು ಬಾರದಿದ್ದರೆ ನನ್ನ ಪ್ರವಾಸ ಮುಗಿಯುವುದಿಲ್ಲ" ಎಂದ ಮೇಲೆ ಊರುಗೋಲು ತೆಗೆದುಕೊಂಡರು.

ಅಣೆಕಟ್ಟು ನಗರದಿಂದ ಸುಮಾರು 35 ಮೈಲಿ. ಎತ್ತರ 726 ಅಡಿ. ಅದರ ನೆತ್ತಿಯ ಮೇಲೆ ನಡೆದು ಹೋಗಬಹುದು. 1931ರ ಬೇಸಗೆಯಲ್ಲಿ ಅಲ್ಲಿ ಕೆಲಸಗಾರರು ಸೆಕೆಯಿಂದಲೇ ಸತ್ತರು. 1932ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪಕ್ಕದ ಬೌಲ್ಡರ್ ಪಟ್ಟಣಕ್ಕೆ ಬಂದು, ಬೆವರಿನೊಡನೆ ನೀರು ಮಾತ್ರವಲ್ಲದೆ ಉಪ್ಪೂ ಹೋಗುವುದನ್ನು ಪರೀಕ್ಷಿಸಿ, ಆ ನಷ್ಟವನ್ನು ತುಂಬಬೇಕೆಂದು ತಿಳಿಸಿದರು. ಇದನ್ನು ಕೇಳಿ ನಾನು ಕೋಡುಬಳೆಯ ಪೊಟ್ಟಣವನ್ನು ನೆನೆದೆ. ಕಟ್ಟಡದ ಕೆಲಸದಲ್ಲಿ ಮಡಿದವರೆಂದು ಸರಕಾರದ ಲೆಕ್ಕದಲ್ಲಿರುವವರು 96 ಮಂದಿ. ಅವರ ನೆನಪಿನ ಫಲಕದ ಮುಂದೆ ವೃದ್ಧರು ಟೋಪಿ ತೆಗೆದು ನಿಂತರು. ಆಮೇಲೆ ಅಡ್ಡಗೋಡೆಯ ಕಾಂಕ್ರೀಟಿನ ಮೇಲೆ ಅಂಗೈಯಿಟ್ಟು ನನ್ನ ಪತ್ನಿಯಿಂದ ಒಂದು ಭಾವಚಿತ್ರ ತೆಗೆಸಿಕೊಂಡರು. "ನನ್ನ ತಂದೆ ಇಲ್ಲಿಂದ ಹಿಂದಿರುಗಿ ಬಂದುದರಿಂದಲೇ ನಾನು ಹುಟ್ಟಿದೆ" ಎಂದರು. ಆ ಮಾತಿನಲ್ಲಿ ನನ್ನನ್ನು ಚುಚ್ಚುವ ಉದ್ದೇಶವೇನೂ ಇರಲಿಲ್ಲ. ಆದರೂ ಪತ್ನಿ ನನ್ನ ಕಡೆ ನೋಡಿದಳು. ನಾನು ಸರೋವರದ ಕಡೆ ನೋಡಿದೆ.

ಆ ಸರೋವರದ ದಡದ ಬಂಡೆಗಳಲ್ಲಿ ಬಿಳಿಯ ಪಟ್ಟಿಯೊಂದು ಕಾಣುವುದು. ಹಿಂದೆ ನೀರು ಅಲ್ಲಿಯವರೆಗೆ ಇತ್ತೆಂಬುದಕ್ಕೆ ಸಾಕ್ಷಿ. ಲಾಸ್ ವೇಗಸ್ಸಿನ ನೀರಿನಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಕೊಲರಾಡೊ ನದಿಯದು. 1922ರ ಒಪ್ಪಂದದಲ್ಲಿ ಆ ನದಿಯ ನೀರನ್ನು ಪ್ರಾಂತಗಳು ಹಂಚಿಕೊಂಡಾಗ, ಪ್ರತಿವರ್ಷವೂ ಅಷ್ಟು ನೀರು ಬರುವುದೆಂದು ನಂಬಿದ್ದರು, ಬರಲಿಲ್ಲ. 2022ರ ಜುಲೈಯಲ್ಲಿ ಸರೋವರವು ತುಂಬಿದಂದಿನಿಂದ ಕಾಣದಷ್ಟು ತಗ್ಗಿಗೆ ಇಳಿಯಿತು. ಅಲ್ಲಿಯವರು ಸುಮ್ಮನೆ ಕುಳಿತಿಲ್ಲ: ಮನೆಯೊಳಗೆ ಬಳಸಿದ ನೀರನ್ನೆಲ್ಲ ಶುದ್ಧಿಮಾಡಿ ಸರೋವರಕ್ಕೆ ಹಿಂದಿರುಗಿಸುವರು, ನೋಟಕ್ಕೆ ಮಾತ್ರ ಬೆಳೆಸಿದ ಹುಲ್ಲನ್ನು ಕಿತ್ತುಹಾಕಬೇಕೆಂದು 2021ರಲ್ಲಿ ಶಾಸನ ಮಾಡಿದರು. ಹುಲ್ಲುಗಾವಲೆಂಬ ಹೆಸರಿನ ಊರಿನಲ್ಲಿ ಹುಲ್ಲಿಗೇ ನಿಷೇಧ!

ಇಂಥ ಪ್ರವಾಸಕ್ಕೆ ಹೊರಡುವವರಿಗೆ ಕೆಲವು ಮಾತು. ಏಪ್ರಿಲ್, ಮೇ ಅಥವಾ ಸೆಪ್ಟೆಂಬರಿನ ಕೊನೆಯಿಂದ ಅಕ್ಟೋಬರಿನವರೆಗೆ ಉತ್ತಮ ಕಾಲ. ಹಣ ಕೊಡುವ ಮೊದಲು ಉದ್ಯಾನಗಳ ಪ್ರವೇಶಶುಲ್ಕ, ನವಾಹೋ ಮಾರ್ಗದರ್ಶಕರ ಶುಲ್ಕ, ವಸತಿಗೃಹದವರು ಬಾಡಿಗೆಯ ಮೇಲೆ ದಿನಂಪ್ರತಿ ಹಾಕುವ ಹೆಚ್ಚುವರಿ ಹಣ, ಇವೆಲ್ಲ ಸೇರಿವೆಯೇ ಎಂದು ಬರೆವಣಿಗೆಯಲ್ಲಿ ಕೇಳಿ ತಿಳಿಯಬೇಕು. ಮಾರ್ಗದರ್ಶಕನಿಗೂ ಚಾಲಕನಿಗೂ ಕೊನೆಯಲ್ಲಿ ಇನಾಮು ಕೊಡುವುದು ಅಲ್ಲಿಯ ಪದ್ಧತಿ. ಅದನ್ನು ಮೊದಲೇ ತೆಗೆದಿರಿಸಬೇಕು. ಶಾಕಾಹಾರಿಗಳು ಅವಲಕ್ಕಿ, ಚಟ್ನಿಪುಡಿಗಳನ್ನು ಒಯ್ದರೆ ಹಸಿದಿರಬೇಕಾಗಿಲ್ಲ. ಅಗಲವಾದ ಟೋಪಿ, ಹಳೆಯ ಹೊಂದಿಕೊಂಡ ಬೂಟು, ನೀರು, ಉಪ್ಪಿನ ತಿಂಡಿ ಇವು ಕೈಯಲ್ಲಿಯೇ ಇರಬೇಕು, ಪೆಟ್ಟಿಗೆಯಲ್ಲಲ್ಲ. ಬೇಸಗೆಯಲ್ಲಿ ಬೆಳಗಿನ ಹತ್ತರಿಂದ ಸಂಜೆಯ ನಾಲ್ಕರವರೆಗೆ ಕಂದರದೊಳಗೆ ಹತ್ತಿಳಿಯಕೂಡದು. ಕೈಯಲ್ಲಿರುವ ಹೊತ್ತನ್ನು ಮೂರು ಪಾಲು ಮಾಡಿ, ಒಂದು ಪಾಲು ಮುಗಿದೊಡನೆ, ಎಂಥ ನೋಟವೇ ಮುಂದಿರಲಿ, ಹಿಂದಿರುಗಿಬಿಡಬೇಕು. ಉಳಿದೆರಡು ಪಾಲು ಹತ್ತುವುದಕ್ಕೆ.

ಆ ವೃದ್ಧರು ಹೊಸವರ್ಷಕ್ಕೆ ನಮಗೊಂದು ಕಾಗದ ಬರೆಯುತ್ತಾರೆ. ಅಣೆಕಟ್ಟಿನ ಮೇಲೆ ತೆಗೆದ ಭಾವಚಿತ್ರದ ಒಂದು ಪ್ರತಿ ನಮ್ಮ ಮನೆಯ ನಡುಮನೆಯಲ್ಲಿದೆ. ನಾನು ಈಗಲೂ ಚಾಮುಂಡಿಬೆಟ್ಟ ಹತ್ತುತ್ತೇನೆ. ಹೊರಡುವಾಗ ಮನೆಯಾಕೆ ಕೊಡುವ ಪೊಟ್ಟಣವನ್ನು ಭಾರವೆನ್ನದೆ ಜೇಬಿನಲ್ಲಿಟ್ಟುಕೊಳ್ಳುತ್ತೇನೆ.